ನಮ್ಮನೆಯವರಿಗೂ ಒಂದು ಗಾ ದಾಯ್

ಮೊದಲೇ ಹೇಳಿಬಿಡುತ್ತೇವೆ: ದ್ವಾರಕಾನಾಥರು ಸುಳ್ಳುಗಾರರಲ್ಲ. ಅರವತ್ತಾರು ವರ್ಷದ ಬಾಳಿನಲ್ಲಿ ಅವರು ಹೇಳಿದ ದೊಡ್ಡ ಸುಳ್ಳು ಒಂದೇ ಒಂದು, ಅದೂ ಒಂದು ಲೋಟ ಕಾಪಿಗಾಗಿ. ಆ ಒಂದು ಸುಳ್ಳು ಹನ್ನೊಂದು ಮನೆ ಸುತ್ತಿ, ಸರಕಾರದ ಕಚೇರಿಗೂ ಹೋಗಿ, ಕೊನೆಗೆ ಬಿಳಿ ಕಾರಿನಲ್ಲಿ ಕೂತು ಅವರ ಮನೆ ಬಾಗಿಲಿಗೇ ಬಂದರೆ ಪಾಪ ಅವರಾದರೂ ಏನು ಮಾಡಿಯಾರು?

ದ್ವಾರಕಾನಾಥರು ಅಮೆರಿಕೆಯ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ರೆಕ್ಕೆಯ ರಿವೆಟ್‌ಗಳನ್ನು ತಟ್ಟಿ ನೋಡಿ, ಹೋದ ವರ್ಷ ನಿವೃತ್ತರಾದವರು. ಮನೆ ಪಕ್ಕದ ಊರಾದ ಮುಕಿಲ್ಟಿಯೊದ ಏರಿನ ಮೇಲೆ. ಮಗಳು ಶಾಲಿನಿ ಇರುವುದು ಸ್ವಲ್ಪ ದೂರದ ಸಮಾಮಿಶ್‌ನಲ್ಲಿ. ಹೀಗಾಗಿ ಮನೆಯಲ್ಲಿ ಇದ್ದವರು ಮೂವರೇ: ಅವರು, ಅವರ ಹೆಂಡತಿ ಜಾನಕಿ, ಮತ್ತು ನಿವೃತ್ತಿಯಾದ ತಿಂಗಳೇ ಹೇಳದೆ ಕೇಳದೆ ಬಂದು ಸೇರಿಕೊಂಡ ಸಕ್ಕರೆ ಕಾಯಿಲೆ.

ಡಾಕ್ಟರ್ ಮಧುಶ್ರೀ ಒಳ್ಳೆಯ ಹೆಂಗಸು. "ಕಾಪಿ ಕುಡೀರಿ ಅಂಕಲ್, ತೊಂದರೆ ಇಲ್ಲ. ಆದ್ರೆ ಸಕ್ಕರೆ ಒಂದು ಹರಳೂ ಬೇಡ," ಎಂದಿದ್ದರು. ಜಾನಕಿ ಅದಕ್ಕೆ ತಮ್ಮದೊಂದು ಕಾನೂನು ಸೇರಿಸಿದರು. "ಮೂರು ತಿಂಗಳಿಗೊಮ್ಮೆ ಸರಾಸರಿ ಶುಗರ್ ಟೆಸ್ಟ್. ನಂಬರ್ ಎಂಟು ದಾಟಿತೋ, ಕಾಪೀನೇ ಬಂದ್. ಆಮೇಲೆ ಮೆಂತ್ಯದ ನೀರು. ಜನ್ಮಪೂರ್ತಿ."

ಹುಟ್ಟಿದಾಗಿನಿಂದ ಮೂರು ಚಮಚ ಸಕ್ಕರೆಯ ಕಾಪಿ ಕುಡಿದ ಮೈಸೂರಿನ ಜೀವ ಅದು. ಸಕ್ಕರೆಯಿಲ್ಲದ ಕಾಪಿಯನ್ನು ಮೊದಲ ದಿನ ಬಾಯಿಗಿಟ್ಟು, "ಇದು ಕಾಪಿಯಲ್ಲ, ಕಾಪಿಯ ತಿಥಿ," ಎಂದು ಗೊಣಗಿದರು. ಜಾನಕಿ ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿದರೂ ಲಕ್ಷ್ಯ ಮಾಡಲಿಲ್ಲ. ಹೀಗೆ ಎಂಟು ತಿಂಗಳು ತಿಥಿಯ ಕಾಪಿ ಕುಡಿದಿದ್ದರು ನಮ್ಮ ದ್ವಾರಕಾನಾಥರು.

ಈಗ ಸಿಂಗಾಪುರದ ವಿಷಯಕ್ಕೆ ಬರಬೇಕು. ಇಪ್ಪತ್ತು ವರ್ಷದ ಹಿಂದೆ ಕಾರ್ಖಾನೆಯವರು ಅವರನ್ನು ಎರಡು ತಿಂಗಳು ಸಿಂಗಾಪುರಕ್ಕೆ ಕಳಿಸಿದ್ದರು. ಉಳಿದುಕೊಂಡಿದ್ದ ಕೋಣೆಯ ಕೆಳಗೇ ಒಂದು ಕಾಪಿ ಅಂಗಡಿ. ಅಲ್ಲಿ ಕಾಪಿ ಕೇಳಲು ಒಂದು ಬೇರೆಯದೇ ಪರಿಭಾಷೆ. ಕೋಪಿ ಎಂದರೆ ಡಬ್ಬಿಯ ಸಿಹಿ ಗಟ್ಟಿ ಹಾಲು ಹಾಕಿದ್ದು. ಕೋಪಿ-ಓ ಎಂದರೆ ಹಾಲಿಲ್ಲದ್ದು. ಟೀಗೆ ತೆ ಎಂದರಾಯಿತು. ಹಿಂದೆ ಕೊಸೊಂಗ್ ಎಂದು ಸೇರಿಸಿದರೆ ಸಕ್ಕರೆ ಬೇಡ ಎಂದು. ಗಾ ದಾಯ್ ಎಂದು ಸೇರಿಸಿದರೆ ಸಿಹಿ ಇನ್ನೂ ಜಾಸ್ತಿ ಇರಲಿ ಎಂದು. ಇದನ್ನು ಓದುಗರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಜಾನಕಿಗೆ ಇದು ಗೊತ್ತಿರಲಿಲ್ಲ.

ದ್ವಾರಕಾನಾಥರು ಆ ಊರಿನಲ್ಲಿ ಕಲಿತದ್ದು ಇಷ್ಟೇ, ಹತ್ತು ಹನ್ನೆರಡು ಪದ. ಆದರೆ ವಾಪಸು ಬಂದವರೇ ಕನ್ನಡ ಸಂಘದ ಊಟದ ಸಾಲಿನಲ್ಲಿ, "ನನಗೆ ಸಿಂಗಾಪುರದ ಭಾಷೆ ಬರುತ್ತೆ," ಎಂದು ಹೇಳಿಬಿಟ್ಟರು. ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲವಾಗಿ ಅದು ಇಪ್ಪತ್ತು ವರ್ಷ ಹಾಗೇ ನಡೆದುಕೊಂಡು ಬಂತು.

ಈ ವಸಂತದಲ್ಲಿ ಫೆರಿ ಕಟ್ಟೆಯ ಹತ್ತಿರ ಸಿಂಗಾಪುರದ ಒಬ್ಬ ಹೆಂಗಸು ಕಾಪಿ ಅಂಗಡಿ ತೆರೆದರು. ಎಪ್ಪತ್ತರ ಹತ್ತಿರದ ವಯಸ್ಸು, ಗಿಡ್ಡ ಆಳು, ಗಟ್ಟಿ ಗಂಟಲು. ಗಿರಾಕಿಗಳನ್ನೆಲ್ಲ ಅವರು ಕರೆಯುತ್ತಿದ್ದುದು ಅಂಕಲ್ ಎಂದು, ಎಲ್ಲರೂ ಅವರನ್ನು ಕರೆಯುತ್ತಿದ್ದುದು ಆಂಟಿ ಎಂದು. ಬೆಂಗಳೂರು ಬಿಟ್ಟ ಮೇಲೆ ಇಂಥ ಮರ್ಯಾದೆಯ ಅಂಗಡಿಯನ್ನು ಜಾನಕಿ ನೋಡಿರಲೇ ಇಲ್ಲ. ವಾಕಿಂಗ್ ಮುಗಿಸಿ ಗಂಡ ಹೆಂಡತಿ ಒಳಗೆ ಹೋದರು.

"ಅಂಕಲ್, ವಾಟ್ ಯು ವಾಂಟ್?"

ದ್ವಾರಕಾನಾಥರು ಗಂಟಲು ಸರಿಮಾಡಿಕೊಂಡರು. ಕೊಸೊಂಗ್ ಎಂದೇ ಹೇಳಬೇಕೆಂದಿದ್ದರು, ದೇವರಾಣೆ. ಆದರೆ ಆಂಟಿಯ ಹಿಂದೆ ಸಾಲಾಗಿ ಜೋಡಿಸಿದ್ದ ಗಟ್ಟಿ ಹಾಲಿನ ಡಬ್ಬಿಗಳು ಕಣ್ಣಿಗೆ ಬಿದ್ದವು. ಎಂಟು ತಿಂಗಳ ಉಪವಾಸ ಒಮ್ಮೆಗೇ ನಾಲಗೆಯ ಮೇಲೆ ಬಂದು ಕೂತಿತು.

"ಒನ್ ತೆ, ಒನ್ ಕೋಪಿ ಗಾ ದಾಯ್!"

"ವಾ! ಅಂಕಲ್ ನೋ ಹೌ ಟು ಆರ್ಡರ್ ಆ!" ಆಂಟಿ ಚಪ್ಪಾಳೆ ತಟ್ಟಿದರು.

ಜಾನಕಿಗೆ ಹೆಮ್ಮೆಯೂ ಆಯಿತು, ಅನುಮಾನವೂ ಆಯಿತು. "ಏನ್ರೀ ಅದು, ಗಾ ದಾಯ್ ಅಂದ್ರೆ?"

"ಸಕ್ಕರೆ ಬೇಡ ಅಂತ ಕಣೇ. ಡಯಾಬಿಟಿಸ್ ಇರೋರಿಗೇ ಅಂತ ಮಾಡೋ ಕಾಪಿ."

"ಮತ್ತೆ ಡಬ್ಬಿಯಿಂದ ಏನೋ ಸುರೀತಿದಾರಲ್ಲ, ಅಷ್ಟು ಗಟ್ಟಿಯಾಗಿ?"

"ಹಾಲು. ಅಲ್ಲಿನ ಹಾಲೇ ಗಟ್ಟಿ."

"ಯಾಕೆ?"

"ಅಲ್ಲಿ ಸೆಕೆ ಜಾಸ್ತಿ. ಹಾಲಲ್ಲಿರೋ ನೀರೆಲ್ಲ ಆವಿಯಾಗಿ ಹೋಗುತ್ತೆ."

ಜಾನಕಿ ಬಿ.ಎಸ್ಸಿ. ಓದಿದವರು, ಕೆಮಿಸ್ಟ್ರಿಯಲ್ಲಿ ಫಸ್ಟ್ ಕ್ಲಾಸ್. ಅವರು ಸ್ವಲ್ಪ ಹೊತ್ತು ಯೋಚಿಸಿ, "ಇರಬಹುದು," ಎಂದರು. ಮದುವೆಯಾಗಿ ಮೂವತ್ತಾರು ವರ್ಷ ಹೆಂಡತಿಗೆ ಸುಳ್ಳು ಹೇಳದೆ ಬದುಕಿದ ಗಂಡಸಿಗೆ ಸಿಗುವ ಲಾಭ ಇದು.

ದ್ವಾರಕಾನಾಥರು ಮೊದಲ ಗುಟುಕು ಕುಡಿದರು. ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಿನ ಅಂಚಿನಲ್ಲಿ ನೀರು ಬಂತು. "ತುಂಬಾ ಕಹಿನಾ?" ಎಂದು ಜಾನಕಿ ಮರುಕದಿಂದ ಕೇಳಿದರು. "ಅಭ್ಯಾಸ ಮಾಡ್ಕೋತೀನಿ ಬಿಡು," ಎಂದರು ಇವರು.

ಗಂಡನ ಲೋಟದಿಂದ ಒಂದು ಗುಟುಕು ಕುಡಿದು ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎಂಜಲು! ಜಾನಕಿಯ ತವರಿನಲ್ಲಿ ಲೋಟವನ್ನು ತುಟಿಗೆ ತಾಗಿಸುವುದೇ ತಪ್ಪು, ಇನ್ನು ಬೇರೆಯವರು ತುಟಿ ಇಟ್ಟ ಲೋಟದ ಮಾತೆಲ್ಲಿ ಬಂತು. ಅಮೆರಿಕೆಗೆ ಬಂದು ಮೂವತ್ತು ವರ್ಷ ದಾಟಿದರೂ, ಪಿಜ್ಜಾ ತಿನ್ನಲು ಕಲಿತರೂ, ಈ ಒಂದು ವಿಷಯದಲ್ಲಿ ಅವರು ಜಪ್ಪಯ್ಯ ಅಂದರೂ ಅಲುಗಿದವರಲ್ಲ. ಆ ಎಂಜಲಿನ ಬೇಲಿಯ ಹಿಂದೆ ದ್ವಾರಕಾನಾಥರ ಸುಳ್ಳು ಹಾಯಾಗಿ ಇತ್ತು.

ತಾವು ಕಂಡುಕೊಂಡ ಒಳ್ಳೆಯದನ್ನು ನಾಲ್ಕು ಜನಕ್ಕೆ ಹಂಚದೆ ಇರುವುದು ಜಾನಕಿಯ ಸ್ವಭಾವವಲ್ಲ. ಅವರದ್ದೊಂದು ವಾಕಿಂಗ್ ಗುಂಪು, ಆ ಸುತ್ತಿನ ಹನ್ನೊಂದು ಕನ್ನಡದ ಜೋಡಿಗಳು, ಹನ್ನೊಂದು ಗಂಡಸರಿಗೂ ಸಕ್ಕರೆ ಕಾಯಿಲೆ. ಮುಂದಿನ ಶನಿವಾರ ಇಪ್ಪತ್ತೆರಡು ಜನ ಸಮುದ್ರದ ದಂಡೆಯಲ್ಲಿ ನಡೆದು, ಲೈಟ್‌ಹೌಸ್ ಮುಟ್ಟಿ, ಸಾಲಾಗಿ ಆಂಟಿಯ ಅಂಗಡಿ ಹೊಕ್ಕರು.

ನಮ್ಮವರು ಹೋಟೆಲಿಗೆ ಹೋದರೆ ಯಾರೂ ತಮಗೇನು ಬೇಕೆಂದು ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬರು ಹೇಳಿದ್ದಕ್ಕೆ ಉಳಿದವರು "ನಮಗೂ ಅದೇ" ಎನ್ನುತ್ತಾರೆ. ಅದು ನಮ್ಮ ಸೌಜನ್ಯ. ಬೇರೆ ಏನಾದರೂ ಕೇಳಿದರೆ ಜಂಭ ಎಂದುಕೊಂಡಾರು ಎಂಬ ಭಯವೂ ಅದರಲ್ಲಿದೆ.

ದ್ವಾರಕಾನಾಥರು ಹೆದರುತ್ತ ಹೆದರುತ್ತ, "ಕೋಪಿ ಗಾ ದಾಯ್," ಎಂದರು.

"ಅದು ಶುಗರ್‌ಲೆಸ್," ಎಂದು ಜಾನಕಿ ಎಲ್ಲರಿಗೂ ಸಾರಿದರು. "ನಮ್ಮನೆಯವರಿಗೆ ಆ ಭಾಷೆ ಬರುತ್ತಲ್ಲ, ಅದಕ್ಕೇ ಸರಿಯಾಗಿ ಕೇಳಿ ಮಾಡಿಸ್ತಾರೆ."

"ಹಾಗಾದ್ರೆ ನಮ್ಮನೆಯವರಿಗೂ ಅದೇ," ಎಂದರು ಪ್ರೇಮಮ್ಮ. ಅವರು ಎರಡು ಬೀದಿ ಆಚೆಯ ಗುರುಪ್ರಸಾದರ ಹೆಂಡತಿ.

"ನಮ್ಮನಿಯವ್ರಿಗೂ ಅದ ಇರ್ಲಿ," ಎಂದರು ಬಸವಣ್ಣೆವ್ವ. ಅವರ ಯಜಮಾನರು ನಾಗಲಿಂಗಪ್ಪ, ಧಾರವಾಡದ ಕಡೆಯವರು, ಆರಡಿ ಎತ್ತರದ ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು, ಮಗನ ಮನೆಗೆ ಬಂದು ಉಳಿದವರು.

"ನಮ್ಮೋರಿಗೂ... ನಮ್ಮೋರಿಗೂ..." ಹನ್ನೊಂದು ಗಾ ದಾಯ್. ಹೆಂಗಸರಿಗೆಲ್ಲ ತೆ.

ಗಂಡಸರು ಮುಖ ಸಿಂಡರಿಸಿಕೊಂಡು ಲೋಟ ಎತ್ತಿದರು. ಒಂದು ಗುಟುಕು ಇಳಿಯಿತು. ಗುರುಪ್ರಸಾದರು ನಿಧಾನವಾಗಿ ಕತ್ತು ತಿರುಗಿಸಿ ದ್ವಾರಕಾನಾಥರನ್ನು ನೋಡಿದರು. ನಾಗಲಿಂಗಪ್ಪ ಲೋಟದೊಳಗೆ ಇಣುಕಿ, ಮತ್ತೆ ಕುಡಿದು, ಎದೆಯ ಮೇಲೆ ಕೈ ಇಟ್ಟುಕೊಂಡರು. ಹತ್ತು ಜೊತೆ ಕಣ್ಣುಗಳು ಒಬ್ಬ ಮನುಷ್ಯನನ್ನು ಅಷ್ಟು ಕೃತಜ್ಞತೆಯಿಂದ ನೋಡಿದ್ದನ್ನು ಆ ದಂಡೆ ಹಿಂದೆಂದೂ ಕಂಡಿರಲಾರದು.

"ಹೆಂಗೈತ್ರೀ?" ಎಂದು ಬಸವಣ್ಣೆವ್ವ ಗಂಡನನ್ನು ಕೇಳಿದರು.

"ಭಾಳ ಕಹಿ," ಎಂದರು ನಾಗಲಿಂಗಪ್ಪ, ಒಂದು ಹನಿ ಬಿಡದೆ ಲೋಟ ಬರಿದು ಮಾಡುತ್ತ. "ಆದ್ರ ಔಷಧ ಅಂದಮ್ಯಾಲ ಕುಡೀಬೇಕಲ್ಲ. ಇನ್ನೊಂದು ಹೇಳು."

ಹೊರಗೆ ಬಂದ ಮೇಲೆ ಗುರುಪ್ರಸಾದರು ದ್ವಾರಕಾನಾಥರ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಸ್ವಾಮಿ, ನೀವು ಮನುಷ್ಯರಲ್ಲ, ದೇವರು. ಆದ್ರೆ ಒಂದು ಮಾತು. ಇದನ್ನ ಎಲ್ಲಾದ್ರೂ ಬಾಯಿ ಬಿಟ್ರೋ..." ಮಾತು ಮುಗಿಸಲಿಲ್ಲ. ಪಕ್ಕದಲ್ಲಿ ನಿಂತ ನಾಗಲಿಂಗಪ್ಪನವರು ಸುಮ್ಮನೆ ತಮ್ಮ ಅಂಗೈ ಉಜ್ಜಿಕೊಂಡರು.

ಒಂದು ತಿಂಗಳು ಸ್ವರ್ಗ. ಮಳೆ ಬರಲಿ, ಚಳಿ ಇರಲಿ, ದಿನವೂ ಬೆಳಗ್ಗೆ ಗಂಡಸರೇ ಮೊದಲು ಎದ್ದು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದರು. "ಎಷ್ಟು ಬದಲಾಗಿದಾರೆ ನೋಡಿ," ಎಂದು ಹೆಂಡಂದಿರು ಜಾನಕಿಯನ್ನು ಹೊಗಳಿದರು.

ಆಮೇಲೆ ಸಮಾಮಿಶ್‌ನಿಂದ ಶಾಲಿನಿ ಬಂದಳು. ಬಂದವಳು ಅಪ್ಪನ ತೋಳಿಗೆ ರೂಪಾಯಿ ಅಗಲದ ಒಂದು ಸೆನ್ಸರ್ ಅಂಟಿಸಿದಳು. "ಅಪ್ಪಾ, ಇದು ಶುಗರ್‌ನ ಕಂಟಿನ್ಯುವಸ್ ಆಗಿ ಟ್ರ್ಯಾಕ್ ಮಾಡುತ್ತೆ. ಅಮ್ಮನ ಫೋನ್‌ಗೆ ಅಲರ್ಟ್ ಬರುತ್ತೆ. ನೀನು ಏನೂ ಮಾಡಬೇಕಿಲ್ಲ."

ದ್ವಾರಕಾನಾಥರು ಅಂಗಿಯ ತೋಳನ್ನು ಎಳೆದು ಅದನ್ನು ಮುಚ್ಚಿಕೊಂಡರು. "ಇದೆಲ್ಲ ಯಾಕಮ್ಮಾ, ದಂಡ," ಎಂದರು. ಯಾರು ಕೇಳುತ್ತಾರೆ? ಜಾನಕಿ ಅದನ್ನೂ ನಾಲ್ಕು ಜನಕ್ಕೆ ಹೇಳಿದರು. ಒಂದೇ ವಾರದಲ್ಲಿ ಹನ್ನೊಂದು ತೋಳುಗಳಿಗೂ ಸೆನ್ಸರ್ ಅಂಟಿತು, ಶುಕ್ರವಾರ ರಾತ್ರಿ ಶಾಲಿನಿ ಹನ್ನೊಂದು ಫೋನುಗಳಿಗೂ ಅಲರ್ಟ್ ಜೋಡಿಸಿಕೊಟ್ಟಳು.

ಅದರ ಫಲ ಗೊತ್ತಾದದ್ದು ಗುರುಪ್ರಸಾದರ ಮನೆಯ ಸತ್ಯನಾರಾಯಣ ಪೂಜೆಯಲ್ಲಿ. ಶನಿವಾರ ಬೆಳಗ್ಗೆ, ವಾಕಿಂಗ್ ಮತ್ತು ಕಾಪಿ ಮುಗಿಸಿ ಎಲ್ಲರೂ ನೇರ ಅಲ್ಲಿಗೇ ಬಂದಿದ್ದರು. ಪುರೋಹಿತರು ಕಥೆಯಲ್ಲಿ ಸುಳ್ಳು ಹೇಳಿದವನಿಗೆ ಆಗುವ ಗತಿಯ ಅಧ್ಯಾಯಕ್ಕೆ ಬಂದರು. ಸರಿಯಾಗಿ ಆಗ ಜಾನಕಿಯ ಫೋನು ಕಿರ್ರೆಂದಿತು. ಅದರ ಹಿಂದೆ ಪ್ರೇಮಮ್ಮನದು. ಆಮೇಲೆ ಬಸವಣ್ಣೆವ್ವನದು. ಅರ್ಧ ನಿಮಿಷದೊಳಗೆ ಹನ್ನೊಂದು ಫೋನುಗಳು ಒಟ್ಟಿಗೆ ಬಡಿದುಕೊಂಡವು. ಮಂಗಳಾರತಿಯ ಹೊತ್ತಾಯಿತೇನೋ ಎಂದು ಪುರೋಹಿತರು ಗಾಬರಿಯಿಂದ ಗಂಟೆ ಎತ್ತಿಕೊಂಡರು.

"ಇನ್ನೂರ ನಲವತ್ತು!" ಜಾನಕಿ ಫೋನು ಹಿಡಿದು ಗಂಡನ ಮುಂದೆ ನಿಂತರು. "ಏನು ತಿಂದ್ರಿ?"

"ಬೆಳಗ್ಗೆ ನೀನೇ ಕೊಟ್ಟ ಇಡ್ಲಿ ಅಷ್ಟೇ ಕಣೇ."

ಪಾಪ, ಏನೂ ತಪ್ಪು ಮಾಡದ ಇಡ್ಲಿ! ಮರುದಿನದಿಂದ ತಟ್ಟೆಯಲ್ಲಿ ಇಡ್ಲಿ ಇಲ್ಲ. ಸಕ್ಕರೆ ಇಳಿಯಲಿಲ್ಲ. ಇವರು ತಪ್ಪನ್ನು ದೋಸೆಯ ಮೇಲೆ ಹಾಕಿದರು, ದೋಸೆ ಹೋಯಿತು. ಅನ್ನದ ಮೇಲೆ ಹಾಕಿದರು, ಅನ್ನ ಹೋಯಿತು. ಚಪಾತಿ, ರಾಗಿಮುದ್ದೆ, ಬಾಳೆಹಣ್ಣು, ಒಂದೊಂದು ಸುಳ್ಳಿಗೆ ಒಂದೊಂದು ಪದಾರ್ಥ ತಟ್ಟೆಯಿಂದ ಇಳಿಯಿತು. ಕೊನೆಗೆ ಉಳಿದದ್ದು ಹಾಗಲಕಾಯಿ ಪಲ್ಯ ಮತ್ತು ಸೊಪ್ಪಿನ ಸಾರು. ಹನ್ನೊಂದು ಮನೆಗಳಲ್ಲೂ ಇದೇ ಅಡುಗೆ. ಜಾನಕಿ ಎಲ್ಲವನ್ನೂ ಅನುಮಾನಿಸಿದರು, ಗಾ ದಾಯ್ ಒಂದನ್ನು ಬಿಟ್ಟು. "ಪಾಪ, ಏನೂ ತಿನ್ನಲ್ಲ ಇವರು. ಅದೊಂದು ಶುಗರ್‌ಲೆಸ್ ಕಾಪಿ ಆದ್ರೂ ಎರಡು ಕುಡೀಲಿ," ಎಂದು ಆಂಟಿಯ ಹತ್ತಿರ ಎರಡೆರಡು ಲೋಟ ಕೊಡಿಸತೊಡಗಿದರು.

ದ್ವಾರಕಾನಾಥರ ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. ಟೆಸ್ಟಿಗೆ ಇನ್ನು ಹನ್ನೆರಡು ದಿನ. ಎಂಟು ದಾಟುವುದು ಖಂಡಿತ. ದಾಟಿದರೆ ಕಾಪಿಯೇ ಇಲ್ಲ, ಅನ್ನವಂತೂ ಆಗಲೇ ಇಲ್ಲ. ಹಾಗಲಕಾಯಿಯ ಮುಂದೆ ಕೂತು ಅವರು ತೀರ್ಮಾನ ಮಾಡಿದರು: ಇನ್ನು ಕೊಸೊಂಗ್. ಯಾರಿಗೂ ಹೇಳದೆ, ತಾನೊಬ್ಬನೇ, ನಾಳೆಯಿಂದಲೇ ಕೊಸೊಂಗ್.

ಮರುದಿನ ಶನಿವಾರ ಅಂಗಡಿಯಲ್ಲಿ ಅವರು ಧೈರ್ಯ ಮಾಡಿ, "ಆಂಟಿ, ಟುಡೇ ಕೋಪಿ-ಓ ಕೊಸೊಂಗ್," ಎಂದರು.

ಹಿಂದೆ ನಿಂತ ಜಾನಕಿಯ ಕಿವಿ ನಿಮಿರಿತು. "ಏನ್ರೀ ಅದು ಹೊಸ ಮಾತು? ಸಕ್ಕರೆ ಹಾಕಿಸ್ಕೋತಿದೀರಾ?"

"ಛೇ ಛೇ, ಇಲ್ವೇ..."

"ನಂಗೆ ಗೊತ್ತಿಲ್ವಾ ನಿಮ್ಮ ಬುದ್ಧಿ! ಸ್ವಲ್ಪ ಸಡಿಲ ಬಿಟ್ರೆ ಸಾಕು." ಜಾನಕಿ ಅವರನ್ನು ಪಕ್ಕಕ್ಕೆ ತಳ್ಳಿ ಕೌಂಟರಿನ ಮುಂದೆ ನಿಂತರು. "ಆಂಟಿ! ನೋ ಕೊಸೊಂಗ್! ಓನ್ಲಿ ಗಾ ದಾಯ್!"

ಆಂಟಿಯ ಕೈಲಿದ್ದ ಚಮಚ ನಿಂತಿತು. "ಬಟ್ ಅಂಕಲ್ ವಾಂಟ್ ಕೊಸೊಂಗ್ ಲಾ."

"ಹಿ ಹ್ಯಾಸ್ ಡಯಾಬಿಟಿಸ್, ಆಂಟಿ! ದಟ್ ಈಸ್ ವೈ ಗಾ ದಾಯ್! ಟುಡೇ ಡಬಲ್ ಗಾ ದಾಯ್!"

"ಡಯಾಬಿಟಿಸ್?" ಆಂಟಿ ಕಣ್ಣು ಅಗಲಿಸಿದರು.

"ಆಲ್ ಆಫ್ ದೆಮ್!" ಜಾನಕಿ ಹನ್ನೊಂದು ಗಂಡಸರತ್ತ ಕೈ ತೋರಿಸಿದರು. ಪ್ರೇಮಮ್ಮನವರೂ ಮುಂದೆ ಬಂದು, "ಎಸ್ ಎಸ್, ಡಬಲ್ ಫಾರ್ ಮೈ ಹಸ್ಬೆಂಡ್ ಆಲ್ಸೋ," ಎಂದರು. ಬಸವಣ್ಣೆವ್ವ ಕನ್ನಡದಲ್ಲೇ, "ನಮ್ಮನಿಯವ್ರಿಗೆ ಇನ್ನಷ್ಟು ಹಾಕವ್ವಾ, ಅವ್ರಿಗೆ ಭಾಳ ಐತಿ," ಎಂದು ಕೈ ಜೋಡಿಸಿದರು. ಅದು ಅರ್ಥವಾಗದಿದ್ದರೂ ಆಂಟಿಗೆ ಆ ಹಟ ಅರ್ಥವಾಯಿತು.

ಅವರು ಕಾಪಿ ತಂದಿಟ್ಟು, ದ್ವಾರಕಾನಾಥರ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಅಂಕಲ್, ಯು ಓಕೆ ಆರ್ ನಾಟ್?"

ದ್ವಾರಕಾನಾಥರ ಮನಸ್ಸೆಲ್ಲ ಹಾಗಲಕಾಯಿಯಲ್ಲಿತ್ತು. ಸಡಿಲವಾದ ಪ್ಯಾಂಟು ಎಳೆದುಕೊಳ್ಳುತ್ತ ದೊಡ್ಡ ನಿಟ್ಟುಸಿರು ಬಿಟ್ಟರು. "ವಾಟ್ ಟು ಡು, ಆಂಟಿ. ಥರ್ಟಿ ಸಿಕ್ಸ್ ಇಯರ್ಸ್. ವಾಟೆವರ್ ಶಿ ಗಿವ್ಸ್, ಐ ಡ್ರಿಂಕ್."

ಆಂಟಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು.

ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಬಿಳಿ ಕಾರು ಬಂದು ನಿಂತಿತು. ಅದರಿಂದ ಇಳಿದವರು ಮಿಸ್ ಓಲ್ಸನ್, ಹಿರಿಯ ನಾಗರಿಕರ ರಕ್ಷಣೆ ನೋಡಿಕೊಳ್ಳುವ ಸರಕಾರಿ ವಿಭಾಗದವರು, ಆಂಟಿ ಫೋನು ಮಾಡಿ ಕೊಟ್ಟ ದೂರಿನ ಮೇಲೆ ಬಂದವರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫಾರಮ್ಮುಗಳ ಕಟ್ಟು. ಡಾಕ್ಟರ್ ಮಧುಶ್ರೀ ಒಬ್ಬ ಡಯಾಬಿಟಿಸ್ ನರ್ಸನ್ನು ಮನೆಗೆ ಕಳಿಸುತ್ತೇನೆ ಎಂದಿದ್ದರು. ಇವರೇ ಅವರು ಎಂದು ಜಾನಕಿ ಸಂಭ್ರಮದಿಂದ ಒಳಗೆ ಕರೆದು ಕೂಡಿಸಿದರು. ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು, ಓದುಗರ ಅನುಕೂಲಕ್ಕೆ ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇವೆ.

"ನಿಮ್ಮ ಯಜಮಾನರ ಊಟ ಯಾರು ನೋಡಿಕೊಳ್ಳುತ್ತಾರೆ?" ಮಿಸ್ ಓಲ್ಸನ್ ಮೃದುವಾಗಿ ಕೇಳಿದರು.

"ನಾನೇ, ಇನ್ಯಾರು? ಅನ್ನ ನಿಲ್ಲಿಸಿದ್ದೇನೆ. ಇಡ್ಲಿ, ದೋಸೆ, ಚಪಾತಿ, ಹಣ್ಣು, ಎಲ್ಲ ನಿಲ್ಲಿಸಿದ್ದೇನೆ."

"ಎಲ್ಲ?"

"ಪೂರ್ತಿ! ಆರು ಕಿಲೋ ಇಳಿದಿದ್ದಾರೆ," ಎಂದರು ಜಾನಕಿ ಹೆಮ್ಮೆಯಿಂದ.

ಮಿಸ್ ಓಲ್ಸನ್ ಬರೆದುಕೊಂಡರು. "ಅವರು ಒಬ್ಬರೇ ಹೊರಗೆ ಹೋಗುತ್ತಾರಾ?"

"ಸಾಧ್ಯವೇ ಇಲ್ಲ. ಕಾರಿನ ಕೀ ನನ್ನ ಹತ್ತಿರ ಇರುತ್ತದೆ. ಒಬ್ಬರೇ ಹೋದರೆ ಏನಾದರೂ ತಿಂದುಬಿಡುತ್ತಾರೆ. ಮೈಗೇ ಸೆನ್ಸರ್ ಅಂಟಿಸಿಬಿಟ್ಟಿದ್ದೇವೆ, ನೋಡಿ. ಫೋನಿನಲ್ಲಿ ಇಪ್ಪತ್ನಾಲ್ಕು ಗಂಟೆಯೂ ನನಗೆ ಗೊತ್ತಾಗುತ್ತದೆ."

"ಮತ್ತು ಕಾಪಿ?"

"ದಿನಕ್ಕೆ ಎರಡು, ಡಬಲ್ ಗಾ ದಾಯ್. ಬೇಡ ಅಂದರೂ ಬಿಡುವುದಿಲ್ಲ, ಎದುರಿಗೆ ನಿಂತು ಕುಡಿಸುತ್ತೇನೆ. ನಾನೊಬ್ಬಳೇ ಅಲ್ಲ, ಇನ್ನೂ ಹತ್ತು ಮನೆಗೆ ಹೇಳಿಕೊಟ್ಟಿದ್ದೇನೆ. ಬೇಕಾದರೆ ಹೆಸರು, ಫೋನ್ ನಂಬರು ಬರೆದುಕೊಳ್ಳಿ!"

ಮಿಸ್ ಓಲ್ಸನ್‌ರ ಪೆನ್ನು ನಿಂತಿತು. ಅವರು ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತಂತೆ. ಇಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವರನ್ನು ಅವರು ನೋಡಿರಲಿಲ್ಲ.

ಮೂಲೆಯ ಸೋಫಾದಲ್ಲಿದ್ದ ದ್ವಾರಕಾನಾಥರಿಗೆ ಈಗ ಗುರುತಿನ ಚೀಟಿಯ ಅಕ್ಷರ ಓದಲು ಬಂತು. ಮಿಸ್ ಓಲ್ಸನ್ ಅವರ ಕಡೆ ತಿರುಗಿ, "ಸರ್, ಹೆದರಬೇಡಿ. ಬೇಕಿದ್ದರೆ ಇವತ್ತೇ ನಿಮ್ಮನ್ನು ಒಂದು ಒಳ್ಳೆಯ ಜಾಗಕ್ಕೆ ಕರೆದುಕೊಂಡು ಹೋಗಬಹುದು. ಶುಚಿಯಾದ ಕೋಣೆ, ಮೂರು ಹೊತ್ತು ಊಟ. ಅನ್ನ, ಆಲೂಗಡ್ಡೆ, ಬ್ರೆಡ್ಡು," ಎಂದರು.

ಅನ್ನ! ಆಲೂಗಡ್ಡೆ! ದ್ವಾರಕಾನಾಥರು ಒಂದು ಕ್ಷಣ ಆಸೆಪಟ್ಟರು ಎಂಬುದನ್ನು ಇಲ್ಲಿ ಮುಚ್ಚಿಡುವಂತಿಲ್ಲ. ಬಾಯಲ್ಲಿ ನೀರೂ ಬಂತು.

ಅಷ್ಟರಲ್ಲಿ ಜಾನಕಿಯ ಮುಖ ಬಿಳಿಚಿಕೊಂಡಿತು. "ಏನ್ರೀ, ಇವರು ನರ್ಸ್ ಅಲ್ವಾ?" ದನಿ ಇಳಿದುಹೋಗಿತ್ತು. "ಕರ್ಕೊಂಡು ಹೋಗೋದು ಅಂದ್ರೇನು? ನಾನೇನು ಮಾಡಿದೀನಿ ನಿಮಗೆ? ಇಷ್ಟು ದಿನ ರಾಗಿ ಕಾಳಷ್ಟೂ ಸಕ್ಕರೆ ಮನೇಲಿ ಇಟ್ಟಿಲ್ಲ. ನೀವು ತಿನ್ನಲ್ಲ ಅಂತ ನಾನೂ ಸಿಹಿ ಬಿಟ್ಟಿದೀನಿ. ನಿಮಗೆ ಹೇಳಿಲ್ಲ ಅಷ್ಟೇ."

ಇದು ದ್ವಾರಕಾನಾಥರಿಗೆ ಗೊತ್ತಿರಲಿಲ್ಲ. ಅವಳ ತೆ ಕೂಡ ಹಾಲು ಸಕ್ಕರೆ ಎರಡೂ ಇಲ್ಲದೆ ಕರ್ರಗಿರುತ್ತಿದ್ದುದು ಯಾಕೆಂದು ಈಗ ಹೊಳೆಯಿತು. ಕೇಳಿ ತಿಳಿಯುವ ಮನಸ್ಸು ಒಂದು ದಿನವೂ ಬಂದಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಹೇಳಿದರೆ ಕಾಪಿ ಹೋಗುತ್ತದೆ. ಹೋಗಲಿ, ಹಾಳಾಗಿ ಹೋಗಲಿ.

"ಮೇಡಂ," ಎಂದರು ಎದ್ದು ನಿಂತು, ಒಂದು ಕೈಯಲ್ಲಿ ಪ್ಯಾಂಟು ಹಿಡಿದು. "ಬರೆದುಕೊಳ್ಳಿ. ತಪ್ಪು ಅವಳದಲ್ಲ. ಗಾ ದಾಯ್ ಎಂದರೆ ಸಿಹಿ ಜಾಸ್ತಿ ಎಂದು. ಅವಳಿಗೆ ಸಕ್ಕರೆ ಬೇಡ ಎಂದು ಅರ್ಥ ಹೇಳಿಕೊಟ್ಟವನು ನಾನು. ಕದ್ದು ಸಕ್ಕರೆ ಕುಡಿಯೋಕೆ ಹೇಳಿದ ಸುಳ್ಳು. ಅವಳು ನನ್ನನ್ನು ಉಳಿಸೋಕೆ ಒದ್ದಾಡಿದಳು, ನಾನು ಅವಳ ಕೈಯಿಂದಲೇ ಸಕ್ಕರೆ ಹಾಕಿಸಿಕೊಂಡು ಕುಡಿದೆ."

ಮಿಸ್ ಓಲ್ಸನ್ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಬರೆದದ್ದನ್ನೆಲ್ಲ ಉದ್ದಕ್ಕೆ ಒಂದು ಗೆರೆ ಎಳೆದು ಹೊಡೆದು ಹಾಕಿದರು. ನಗು ತಡೆಯಲು ಅವರು ತುಟಿ ಕಚ್ಚಿಕೊಂಡದ್ದು ಕಾಣುತ್ತಿತ್ತು.

ಜಾನಕಿ ನಗಲಿಲ್ಲ. "ಸೆಕೆಗೆ ಹಾಲಿನ ನೀರು ಆವಿಯಾಗುತ್ತೆ," ಎಂದರು ನಿಧಾನವಾಗಿ. "ನಾನು ಅದನ್ನೂ ನಂಬಿದೆ." ಆಮೇಲೆ ಫೋನು ಎತ್ತಿಕೊಂಡರು. "ಪ್ರೇಮಾ, ಜಾನಕಿ ಮಾತಾಡೋದು. ಗಾ ದಾಯ್ ಅಂದ್ರೆ ಏನು ಅಂತ ಇವತ್ತು ಗೊತ್ತಾಯ್ತು, ಕೂತ್ಕೊಂಡು ಕೇಳು."

ಒಂದೇ ಫೋನು ಸಾಕಾಯಿತು. ಹತ್ತು ನಿಮಿಷದೊಳಗೆ ಸುದ್ದಿ ಹತ್ತೂ ಮನೆ ಮುಟ್ಟಿತು. ಅದು ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ದ್ವಾರಕಾನಾಥರ ಫೋನು ಮೇಜಿನ ಮೇಲೆ ಗಿರಕಿ ಹೊಡೆಯಿತು. ಗುರುಪ್ರಸಾದ್. ವಾಕಿಂಗ್ ಗುಂಪಿನ ಮಹೇಶ. ಮತ್ತೆ ಗುರುಪ್ರಸಾದ್. ನಾಗಲಿಂಗಪ್ಪ ಕರೆ ಮಾಡಲಿಲ್ಲ, ಒಂದೇ ಸಾಲಿನ ಮೆಸೇಜು ಕಳಿಸಿದ್ದರು: "ಮನ್ಯಾಗ ಇರ್ರಿ. ಬರಾಕತ್ತೀವಿ."

"ನನ್ನ ಕೆಲಸ ಮುಗಿಯಿತು," ಎಂದರು ಮಿಸ್ ಓಲ್ಸನ್. "ಆದರೆ ನಿಯಮದ ಪ್ರಕಾರ ಕೊನೆಯ ಒಂದು ಪ್ರಶ್ನೆ ಕೇಳಲೇಬೇಕು. ಸರ್, ಈ ಮನೆಯಲ್ಲಿ ನಿಮಗೆ ರಕ್ಷಣೆ ಇದೆ ಅನಿಸುತ್ತದೆಯೇ?"

ದ್ವಾರಕಾನಾಥರು ಕಿಟಕಿಯತ್ತ ನೋಡಿದರು. ಎರಡು ಕಾರುಗಳು ಬಂದು ನಿಂತಿದ್ದವು. ಎಂಟು ಬಾಗಿಲುಗಳು ಒಟ್ಟಿಗೆ ತೆರೆದುಕೊಂಡವು. ಎಲ್ಲರಿಗಿಂತ ಮುಂದೆ ನಾಗಲಿಂಗಪ್ಪ, ಶರ್ಟಿನ ತೋಳು ಮಡಿಸುತ್ತ.

ಬೆಲ್ಲು ಹೊಡೆಯಿತು. ದ್ವಾರಕಾನಾಥರು ಸೋಫಾದ ಹಿಂದಕ್ಕೆ ಸರಿದರು.

ಜಾನಕಿ ಎದ್ದರು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟಿದರು. "ನೀವು ಒಳಗಡೆ ರೂಮಿಗೆ ಹೋಗಿ," ಎಂದು ಗಂಡನಿಗೆ ಹೇಳಿ ಬಾಗಿಲು ತೆರೆದು, ಹೊಸಿಲಿಗೆ ಅಡ್ಡ ನಿಂತರು.

"ಎಲ್ಲಿದಾರ್ರೀ ಅವ್ರು?" ನಾಗಲಿಂಗಪ್ಪನವರ ದನಿ ಗುಡುಗಿತು. "ಹೆಂಡ್ರ ಮುಂದ ನಮ್ಮ ಮಾನ ಕಳದ್ರಲ್ಲ!"

"ನಾಗಲಿಂಗಪ್ಪನೋರೇ, ಅಲ್ಲೇ ನಿಂತ್ಕೊಳ್ಳಿ. ಎರಡೆರಡು ಲೋಟ ಕುಡಿದು ಕಹಿ ಕಹಿ ಅಂದೋರು ನೀವು. ನಮ್ಮನೆಯವರ ಒಂದು ಕೂದಲು ಮುಟ್ಟಿ ನೋಡೋಣ! ಅವರನ್ನ ಬಯ್ಯೋಕೆ ನಾನಿದೀನಿ. ನಾನು ಬಯ್ದು ಮುಗಿಸೋಕೆ ಇನ್ನೂ ಇಪ್ಪತ್ತು ವರ್ಷ ಬೇಕು. ಆಮೇಲೆ ಬನ್ನಿ, ನಿಮ್ಮ ಸರದಿ."

ಎಂಟು ಗಂಡಸರು ಮೆಟ್ಟಿಲ ಮೇಲೆ ಹಿಂದೆ ಹಿಂದೆ ಸರಿದರು. ನಾಗಲಿಂಗಪ್ಪ ಮಡಿಸಿದ ತೋಳನ್ನು ಮೆಲ್ಲಗೆ ಕೆಳಗಿಳಿಸಿ ಗುಂಡಿ ಹಾಕಿಕೊಂಡರು.

ಮಿಸ್ ಓಲ್ಸನ್‌ಗೆ ಕನ್ನಡದ ಒಂದಕ್ಷರವೂ ಬಾರದು. ಆದರೂ ಅವರು ದ್ವಾರಕಾನಾಥರ ಉತ್ತರಕ್ಕೆ ಕಾಯಲಿಲ್ಲ. ಬಾಗಿಲಲ್ಲಿ ನಿಂತ ಜಾನಕಿಯ ಬೆನ್ನನ್ನು ಒಮ್ಮೆ ನೋಡಿ, ಹೌದು ಎಂಬ ಚೌಕದಲ್ಲಿ ಗುರುತು ಹಾಕಿ, ಫಾರಮ್ಮು ಮಡಿಸಿ ಚೀಲಕ್ಕೆ ಹಾಕಿಕೊಂಡರು.